ಶುಂಠಿ ಟೀ, ಶುಂಠಿ ಕಷಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಹಾಸನ ಜಿಲ್ಲೆಯ ಆಲೂರು ಕಡೆ. ಮನೆಯಲ್ಲೇ ಶುಂಠಿ ಬೆಳೆಯುತ್ತೇವೆ. ಮಳೆಗಾಲ ಹಿಡಿದರೆ ದಿನಕ್ಕೆ ಎರಡು ಸಲವಾದರೂ ಒಲೆ ಮೇಲೆ ಶುಂಠಿ ಕುದಿಯುತ್ತಿರುತ್ತದೆ. ಅದಕ್ಕೇ ಇರಬೇಕು, ನೆಂಟರು, ಸ್ನೇಹಿತರು, ಬೆಂಗಳೂರಿನಲ್ಲಿ ಜೊತೆಗೆ ಕೆಲಸ ಮಾಡಿದವರು ಎಲ್ಲರೂ ಶುಂಠಿ ವಿಷಯ ಬಂದರೆ ನನ್ನನ್ನೇ ಕೇಳುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅವನ್ನೆಲ್ಲ ಅವರವರ ಮಾತಿನಲ್ಲೇ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ಡಾಕ್ಟರ್ ಅಲ್ಲ. ಓದಿದ್ದು, ಡಾಕ್ಟರನ್ನು ಕೇಳಿ ತಿಳಿದಿದ್ದು, ಮನೆಯಲ್ಲಿ ಕಣ್ಣಾರೆ ನೋಡಿದ್ದು, ಇಷ್ಟೇ ನನ್ನ ಬಂಡವಾಳ. ದಿನಾ ಮಾತ್ರೆ ನುಂಗುವವರು ಮತ್ತು ಗರ್ಭಿಣಿಯರು ಮೂರನೇ ಭಾಗವನ್ನು ಮಾತ್ರ ಬಿಡಬೇಡಿ.

## ಮಾಡೋದು ಹೇಗೆ, ಎಷ್ಟು

ಶುಂಠಿ ಟೀ ಅಂದ್ರೆ ಹಾಲು ಹಾಕಿದ್ದಾ, ಬರೀ ನೀರಲ್ಲಿ ಕುದಿಸಿದ್ದಾ?

ಎರಡಕ್ಕೂ ಜನ ಅದೇ ಹೆಸರು ಹೇಳುತ್ತಾರೆ, ಗೊಂದಲ ಶುರುವಾಗುವುದೇ ಇಲ್ಲಿ. ಟೀ ಪುಡಿ, ಹಾಲು, ಸಕ್ಕರೆ ಜೊತೆ ಶುಂಠಿ ಜಜ್ಜಿ ಹಾಕಿದ್ದು ಒಂದು. ಉತ್ತರ ಕರ್ನಾಟಕದ ಕಡೆ ಹಸಿ ಶುಂಠಿಗೆ ಅಲ್ಲ ಅಂತಾರೆ, ಅಲ್ಲಿ ಇದು ಅಲ್ಲದ ಚಾ. ಟೀ ಪುಡಿ ಇಲ್ಲದೆ ಬರೀ ಶುಂಠಿ, ಅಥವಾ ಶುಂಠಿ ಜೊತೆ ಜೀರಿಗೆ, ಕೊತ್ತಂಬರಿ ಬೀಜ, ಕಾಳುಮೆಣಸು ಕುದಿಸಿದ್ದು ಕಷಾಯ. ಔಷಧಿ ಗುಣಕ್ಕಾಗಿ ಕುಡಿಯುವುದಾದರೆ ಕಷಾಯವೇ ಸರಿ. ಹಾಲಿನ ಟೀಯಲ್ಲಿ ಬೀಳುವ ಶುಂಠಿ ಕಡಿಮೆ, ಸಕ್ಕರೆ ಜಾಸ್ತಿ. ಅದು ರುಚಿಗೆ ಕುಡಿಯುವ ಟೀ, ಹಾಗೆಂದೇ ಕುಡಿಯಿರಿ.

ಒಂದು ಲೋಟಕ್ಕೆ ಎಷ್ಟು ಶುಂಠಿ ಹಾಕ್ಬೇಕು? ದಿನಕ್ಕೆ ಎಷ್ಟು ಲೋಟ?

ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಹಸಿ ಶುಂಠಿ ತಗೊಳ್ಳಿ, ಸುಮಾರು 5 ಗ್ರಾಂ ಬರುತ್ತದೆ. ಕುಟ್ಟಾಣಿಯಲ್ಲಿ ಜಜ್ಜಿ ಒಂದೂವರೆ ಲೋಟ ನೀರಿಗೆ ಹಾಕಿ, ಅದು ಒಂದು ಲೋಟಕ್ಕೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ. ಒಣ ಶುಂಠಿ ಪುಡಿಯಾದರೆ ಕಾಲು ಚಮಚ ಸಾಕು. ಇಂಥದ್ದು ದಿನಕ್ಕೆ ಎರಡು ಲೋಟ ಆರೋಗ್ಯವಂತರಿಗೆ ಏನೂ ತೊಂದರೆ ಮಾಡುವುದಿಲ್ಲ. ಎಲ್ಲ ರೂಪದಲ್ಲೂ ಸೇರಿ ದಿನಕ್ಕೆ 4 ಗ್ರಾಂ ಒಣ ಶುಂಠಿ ದಾಟಬಾರದು ಎಂಬುದು ಸಾಮಾನ್ಯವಾಗಿ ಹೇಳುವ ಮಿತಿ. ಹಸಿ ಶುಂಠಿಯಲ್ಲಿ ಅದು ಹತ್ತಿರ ಹತ್ತಿರ 20 ಗ್ರಾಂ ಆಗುತ್ತದೆ, ಯಾಕಂದ್ರೆ ಐದು ಕೆಜಿ ಹಸಿ ಶುಂಠಿ ಒಣಗಿಸಿದರೆ ಕೈಗೆ ಸಿಗುವುದು ಒಂದು ಕೆಜಿ ಆಸುಪಾಸು. ರಿಯೋ ತಳಿಯಂಥ ನೀರು ತುಂಬಿದ ಗೆಡ್ಡೆಯಾದರೆ ಅಷ್ಟೂ ಸಿಗುವುದಿಲ್ಲ.

ಹಸಿ ಶುಂಠಿ ಒಳ್ಳೇದಾ, ಒಣ ಶುಂಠಿ ಒಳ್ಳೇದಾ?

ಎರಡೂ ಒಳ್ಳೆಯದೇ, ಆದರೆ ಎರಡೂ ಒಂದೇ ಅಲ್ಲ. ಹಸಿ ಶುಂಠಿಯ ಖಾರಕ್ಕೆ ಮುಖ್ಯ ಕಾರಣ ಜಿಂಜರಾಲ್ ಎಂಬ ಅಂಶ. ಒಣಗಿಸಿದಾಗ, ಜಾಸ್ತಿ ಹೊತ್ತು ಕಾಯಿಸಿದಾಗ ಅದರಲ್ಲಿ ಒಂದಷ್ಟು ಶೋಗಾಲ್ ಆಗಿ ಬದಲಾಗುತ್ತದೆ. ಜಪಾನಿ ಭಾಷೆಯಲ್ಲಿ ಶುಂಠಿಗೆ ಶೋಗಾ ಅಂತಾರೆ, ಹೆಸರು ಬಂದಿದ್ದು ಅಲ್ಲಿಂದ. ಶೋಗಾಲ್ ಖಾರ ಜಿಂಜರಾಲ್‌ಗಿಂತ ಹೆಚ್ಚು, ಅದಕ್ಕೇ ಒಣ ಶುಂಠಿ ಕಷಾಯ ಗಂಟಲಲ್ಲಿ ಚುರುಗುಟ್ಟುತ್ತದೆ. ನಮ್ಮ ಹಿರಿಯರು ಈ ಎರಡನ್ನೂ ಬೇರೆ ಬೇರೆ ವಸ್ತು ಅಂತಲೇ ನೋಡಿದ್ದಾರೆ. ಆಯುರ್ವೇದದಲ್ಲಿ ಹಸಿಯದ್ದು ಆರ್ದ್ರಕ, ಒಣಗಿದ್ದು ಶುಂಠಿ. ಕಾಳುಮೆಣಸು, ಹಿಪ್ಪಲಿ ಜೊತೆ ಸೇರಿ ತ್ರಿಕಟು ಆಗುವುದು ಒಣಗಿದ್ದು.

ಅಂಗಡಿಯಲ್ಲಿ ಒಣ ಶುಂಠಿ ಕೊಳ್ಳುವಾಗ ಬೆಳ್ಳಗೆ ಹೊಳೆಯುವುದಕ್ಕೆ ಮನಸೋಲಬೇಡಿ. ಸುಣ್ಣದ ನೀರಲ್ಲಿ ಅದ್ದಿ ಬಿಳಿ ಮಾಡುವ ಪದ್ಧತಿ ಹಳೆಯದು. ಮಾಸಲು ಬಣ್ಣದ, ಮುರಿದರೆ ಘಮ್ಮೆನ್ನುವ ತುಂಡು ನನಗೆ ಇಷ್ಟ.

ಶುಂಠಿ ಹಾಕಿದ ಕೂಡಲೇ ಹಾಲು ಒಡೆದು ಹೋಗುತ್ತೆ, ಹಾಲು ಕೆಟ್ಟಿರುತ್ತಾ?

ಹಾಲು ಕೆಟ್ಟಿರುವುದಿಲ್ಲ, ಶುಂಠಿ ಹಾಕಿದ ಹೊತ್ತು ತಪ್ಪಿರುತ್ತದೆ. ಹಸಿ ಶುಂಠಿಯಲ್ಲಿ ಜಿಂಜಿಬೈನ್ ಎಂಬ ಕಿಣ್ವ ಇದೆ, ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಬಿಸಿ ಹಾಲಿಗೆ ಹಸಿ ಶುಂಠಿ ರಸ ಬಿದ್ದರೆ ಸಾಕು, ಪಾತ್ರೆಯ ಅಂಚಿನಲ್ಲಿ ಮೊದಲು ಸಣ್ಣ ಸಣ್ಣ ಹರಳಿನಂತೆ ಕಾಣುತ್ತದೆ, ಆಮೇಲೆ ನೋಡನೋಡುತ್ತಲೇ ನೀರು ಬೇರೆ, ಗಟ್ಟಿ ಬೇರೆ. ಚೀನಾದ ಗ್ವಾಂಗ್‌ಡಾಂಗ್ ಕಡೆ ಇದನ್ನೇ ಬಳಸಿ ಶುಂಠಿ ರಸದ ಮೇಲೆ ಬಿಸಿ ಹಾಲು ಸುರಿದು ಮೊಸರಿನಂಥ ಸಿಹಿ ತಿಂಡಿ ಮಾಡುತ್ತಾರೆ. ನಮಗೆ ಬೇಕಾಗಿರುವುದು ಟೀ ಅಲ್ವಾ? ಶುಂಠಿಯನ್ನು ಮೊದಲು ನೀರಲ್ಲಿ ಮೂರು ನಾಲ್ಕು ನಿಮಿಷ ಮರಳಿಸಿ. ಆ ಕಾವಿಗೆ ಕಿಣ್ವ ಸಾಯುತ್ತದೆ. ಆಮೇಲೆ ಟೀ ಪುಡಿ, ಕೊನೆಗೆ ಹಾಲು.

ಶುಂಠಿ ರಸ ಹಿಂಡಿಟ್ಟರೆ ತಳದಲ್ಲಿ ಸುಣ್ಣದ ಥರ ಕೂರುತ್ತೆ, ಅದು ವಿಷನಾ?

ಅಲ್ಲ. ಅದು ಗೆಡ್ಡೆಯ ಪಿಷ್ಟ, ಆಲೂಗಡ್ಡೆ ತೊಳೆದ ನೀರಲ್ಲಿ ಕೂರುವಂಥದ್ದೇ. ರುಚಿ ತಿಳಿಯಾಗಿರಲಿ ಅಂತ ಮೇಲಿನ ರಸ ಬಗ್ಗಿಸಿಕೊಂಡು ಗಸಿ ಬಿಡಬಹುದು, ಕುಡಿದರೂ ಏನಾಗದು.

ಸಿಪ್ಪೆ ತೆಗೀಲೇಬೇಕಾ?

ಬೇಕಿಲ್ಲ. ಚೆನ್ನಾಗಿ ತೊಳೆಯುವುದು ಮಾತ್ರ ಬೇಕು, ಯಾಕಂದ್ರೆ ಶುಂಠಿಗೆ ಕೊಳೆ ರೋಗ ಬೇಗ ತಗಲುತ್ತದೆ, ತಡೆಯಲು ರೈತರು ಔಷಧಿ ಹಾಕುತ್ತಾರೆ, ಗೆಡ್ಡೆಯ ಸಂದಿಯಲ್ಲಿ ಮಣ್ಣೂ ಇರುತ್ತದೆ. ಗೆಣ್ಣು ಮುರಿದು ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಮೆತ್ತಗಾಗಿ ಬೂಸ್ಟು ಹಿಡಿದಿದ್ದರೆ ಆ ತುಂಡನ್ನು ಪೂರ್ತಿ ಎಸೆಯಿರಿ.

## ಯಾವುದಕ್ಕೆ ಉಪಯೋಗ, ಯಾವುದಕ್ಕಿಲ್ಲ

ನೆಗಡಿ ಕೆಮ್ಮಿಗೆ ನಿಜವಾಗ್ಲೂ ಕೆಲಸ ಮಾಡುತ್ತಾ?

ಹಾಯೆನಿಸುತ್ತದೆ, ಅದು ನಿಜ. ಬಿಸಿ ಹಬೆ, ಬಿಸಿ ನೀರು, ಗಂಟಲಿಗೆ ಶುಂಠಿಯ ಖಾರ, ಇವೆಲ್ಲ ಸೇರಿ ಕಟ್ಟಿದ ಮೂಗು ಸಡಿಲವಾಗುತ್ತದೆ, ಗಂಟಲ ಕೆರೆತ ಇಳಿಯುತ್ತದೆ. ಆದರೆ ನೆಗಡಿ ತರುವ ವೈರಸ್ಸನ್ನು ಒಂದು ಲೋಟ ಕಷಾಯ ಕೊಲ್ಲುವುದಿಲ್ಲ. ನೆಗಡಿ ತನ್ನ ಪಾಡಿಗೆ ಒಂದು ವಾರ ಇದ್ದೇ ಹೋಗುತ್ತದೆ.

2020ರಲ್ಲಿ ಕೊರೊನಾ ಹೊತ್ತಿಗೆ ಆಯುಷ್ ಸಚಿವಾಲಯ ಹೇಳಿದ ಆಯುಷ್ ಕ್ವಾಥ ಎಂಬ ಕಷಾಯ ಬಂದಾಗ ಏನಾಯಿತು ನೆನಪಿದೆಯಾ? ತುಳಸಿ, ದಾಲ್ಚಿನ್ನಿ, ಒಣ ಶುಂಠಿ, ಕಾಳುಮೆಣಸು. ಅದರಲ್ಲಿ ಹೇಳಿದ ಅಳತೆ ಸಣ್ಣದೇ ಇತ್ತು. ಹೆದರಿಕೆಗೆ ಜನ ದಿನಕ್ಕೆ ಐದಾರು ಸಲ ಕುಡಿದರು. ನಮ್ಮ ಬೀದಿಯಲ್ಲೇ ಎಷ್ಟೋ ಮನೆಗಳಲ್ಲಿ ಹೊಟ್ಟೆ ಉರಿ, ಬಾಯಿ ಹುಣ್ಣು. ಅಳತೆ ಅನ್ನುವುದು ಮನೆಮದ್ದಿಗೂ ಇದೆ.

ಜ್ವರ ಎರಡು ದಿನ ದಾಟಿದರೆ, ಉಸಿರು ಕಟ್ಟಿದರೆ, ಮೈಮೇಲೆ ಕೆಂಪು ಚುಕ್ಕೆ ಎದ್ದರೆ ಕಷಾಯ ಬದಿಗಿಟ್ಟು ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ನಮ್ಮಲ್ಲಿ ಡೆಂಗಿ ಎಷ್ಟು ಹಬ್ಬುತ್ತದೆ ಅಂತ ನಿಮಗೇ ಗೊತ್ತು.

ಘಾಟಿ ರಸ್ತೆ ಹತ್ತಿದ್ರೆ ಬಸ್ಸಲ್ಲಿ ವಾಂತಿ. ಶುಂಠಿ ತಗೊಂಡ್ರೆ ನಿಲ್ಲುತ್ತಾ?

ಕೆಲವರಿಗೆ ನಿಲ್ಲುತ್ತದೆ. ವಾಕರಿಕೆ, ವಾಂತಿ ವಿಷಯದಲ್ಲಿ ಶುಂಠಿ ಮೇಲೆ ನಡೆದಷ್ಟು ಪರೀಕ್ಷೆ ಬೇರೆ ಯಾವ ಉಪಯೋಗದ ಮೇಲೂ ಆಗಿಲ್ಲ ಅಂತ ನನ್ನ ಅನಿಸಿಕೆ. 1988ರಲ್ಲಿ ಡೆನ್ಮಾರ್ಕಿನ ನೌಕಾ ತರಬೇತಿಯ 80 ಹುಡುಗರಿಗೆ ಅಬ್ಬರದ ಸಮುದ್ರದಲ್ಲಿ ಒಂದು ಗ್ರಾಂ ಶುಂಠಿ ಪುಡಿ, ಇಲ್ಲವೇ ಬರೀ ಹುಸಿ ಮಾತ್ರೆ ಕೊಟ್ಟು ನೋಡಿದ್ದರು. ಶುಂಠಿ ತಗೊಂಡವರಲ್ಲಿ ವಾಂತಿ, ತಣ್ಣನೆ ಬೆವರು ಎರಡೂ ಕಡಿಮೆಯಾಗಿತ್ತು. ಹೊಟ್ಟೆ ತೊಳಸುವುದರಲ್ಲಿ ಮಾತ್ರ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬೇರೆ ಪ್ರಯೋಗಗಳಲ್ಲಿ ಒಂದೊಂದು ಸಲ ಹೌದು, ಒಂದೊಂದು ಸಲ ಇಲ್ಲ.

ಶಿರಾಡಿಯೋ ಚಾರ್ಮಾಡಿಯೋ ಇಳಿಯುವುದಿದ್ದರೆ ಅರ್ಧ ಗಂಟೆ ಮೊದಲು ಅರ್ಧ ಲೋಟ ಕಷಾಯ ಕುಡಿಯಿರಿ. ಬಸ್ಸಲ್ಲಿ ಕುಡಿಯುವುದು ಕಷ್ಟ, ಹಸಿ ಶುಂಠಿಯ ತೆಳು ಚೂರಿಗೆ ಉಪ್ಪು ಸವರಿ ದವಡೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಸೀಟಲ್ಲಿ ಕೂತು ದೂರದ ರಸ್ತೆ ನೋಡುವುದೂ ಅಷ್ಟೇ ಮುಖ್ಯ. ಮೊಬೈಲ್ ನೋಡುತ್ತಾ ಕೂತರೆ ಶುಂಠಿ ಎಷ್ಟಂತ ತಡೆಯುತ್ತೆ ಹೇಳಿ.

ಊಟ ಆದ್ಮೇಲೆ ಹೊಟ್ಟೆ ಕಲ್ಲಾಗುತ್ತೆ, ಉಬ್ಬರ. ಕುಡೀಲಾ?

ಕುಡಿಯಿರಿ. ಹೊಟ್ಟೆಯಿಂದ ಆಹಾರ ಕೆಳಗೆ ಇಳಿಯುವುದನ್ನು ಶುಂಠಿ ಚುರುಕು ಮಾಡುತ್ತದೆ. 1.2 ಗ್ರಾಂ ಒಣ ಶುಂಠಿ ಕೊಟ್ಟು ಅಳೆದ ಪ್ರಯೋಗಗಳಲ್ಲಿ ಇದು ಕಂಡಿದೆ. ಊಟದ ಕೊನೆಗೆ ಶುಂಠಿ ತಂಬುಳಿ, ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ ಕುಡಿಯುವ ನಮ್ಮ ಅಭ್ಯಾಸಕ್ಕೆ ಅರ್ಥ ಇದೆ. ಆದರೆ ಇದು ಅಪರೂಪಕ್ಕೆ ಆಗುವ ಉಬ್ಬರದ ಮಾತು. ತಿಂಗಳುಗಟ್ಟಲೆ ಉಬ್ಬರ, ತೂಕ ಇಳಿಕೆ, ಕಪ್ಪು ಮಲ ಇದ್ದರೆ ಅದು ಶುಂಠಿಯ ಕೆಲಸ ಅಲ್ಲ.

ಮುಟ್ಟಿನ ಹೊಟ್ಟೆನೋವಿಗೆ?

ಮೊದಲ ಮೂರು ನಾಲ್ಕು ದಿನ ದಿನಕ್ಕೆ 750 ಮಿಲಿಗ್ರಾಂನಿಂದ 2 ಗ್ರಾಂವರೆಗೆ ಒಣ ಶುಂಠಿ ಪುಡಿ ತಗೊಂಡವರಿಗೆ ನೋವು ಕಡಿಮೆಯಾಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಪ್ರಯೋಗಗಳು ಸಣ್ಣವು, ಆದರೂ ನೋಡಬಹುದು. ಮೂರು ಹೊತ್ತು ಕಾಲು ಚಮಚ ಪುಡಿಯ ಕಷಾಯ, ಜೊತೆಗೆ ಹೊಟ್ಟೆಗೆ ಬಿಸಿನೀರಿನ ಚೀಲ. ತುಂಬಾ ರಕ್ತಸ್ರಾವ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಹೆಣ್ಣುಮಕ್ಕಳು ನೋವು ನುಂಗಿಕೊಂಡು ಕಷಾಯದಲ್ಲೇ ವರ್ಷ ಕಳೆಯುವುದು ನನಗೆ ಸಂಕಟ ತರುತ್ತದೆ. ಶಾಲೆಗೆ, ಕೆಲಸಕ್ಕೆ ಹೋಗಲಾಗದಷ್ಟು ನೋವಿದ್ದರೆ ತೋರಿಸಲೇಬೇಕು.

ಮಂಡಿನೋವು ಹೋಗುತ್ತಾ?

ಹೋಗುವುದಿಲ್ಲ. ಕೆಲವರಿಗೆ ಒಂಚೂರು ಇಳಿಯುತ್ತದೆ, ಅದೂ ವಾರಗಟ್ಟಲೆ ತಗೊಂಡ ಮೇಲೆ.

ಬೆಳಗ್ಗೆ ಖಾಲಿ ಹೊಟ್ಟೆಗೆ ಶುಂಠಿ ನಿಂಬೆ ನೀರು ಕುಡಿದ್ರೆ ತೂಕ ಇಳಿಯುತ್ತಂತೆ?

ಬರೀ ಅದರಿಂದ ಇಳಿಯುವುದಿಲ್ಲ. ದಿನಾ ಕುಡಿಯುವ ನಾಲ್ಕು ಸಕ್ಕರೆ ಟೀ ಬಿಟ್ಟು ಅದರ ಜಾಗದಲ್ಲಿ ಇದನ್ನು ಕುಡಿದರೆ ಇಳಿಯಬಹುದು, ಆದರೆ ಆ ಕೆಲಸ ಮಾಡಿದ್ದು ಬಿಟ್ಟ ಸಕ್ಕರೆ. ಒಂದು ಟೀಗೆ ಎರಡು ಚಮಚ ಅಂದರೂ ನಾಲ್ಕು ಟೀಗೆ 35 ರಿಂದ 40 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅಂತ. ಬೆಲ್ಲ ಹಾಕಿದರೂ ಲೆಕ್ಕ ಬಹಳ ಬದಲಾಗುವುದಿಲ್ಲ.

ಕುದಿಕುದಿ ಇರುವಾಗಲೇ ಕುಡಿದರೆ ಗುಣ ಜಾಸ್ತಿ ಅಂತಾರೆ?

ಇದನ್ನು ದಯವಿಟ್ಟು ಬಿಡಿ. 65 ಡಿಗ್ರಿಗಿಂತ ಬಿಸಿ ಇರುವ ಪಾನೀಯ ಕುಡಿಯುವ ಅಭ್ಯಾಸ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿದೆ. ಅದು ಟೀಯೋ, ಕಷಾಯವೋ, ಬರೀ ನೀರೋ ಎಂಬುದು ಮುಖ್ಯ ಅಲ್ಲ, ಕಾವು ಮುಖ್ಯ. ಸೋಸಿ ಐದು ನಿಮಿಷ ಬಿಡಿ. ಗುಣ ಎಲ್ಲಿಗೂ ಹಾರಿ ಹೋಗುವುದಿಲ್ಲ.

## ಯಾರು ಹುಷಾರಾಗಿರಬೇಕು

ಎರಡು ತಿಂಗಳು ಆಗಿದೆ, ಬೆಳಗ್ಗೆ ಎದ್ದರೆ ವಾಂತಿ. ಅತ್ತೆ ಶುಂಠಿ ಉಷ್ಣ, ಬೇಡ ಅಂತಾರೆ. ಏನು ಮಾಡ್ಲಿ?

ಅತ್ತೆಯವರ ಕಾಳಜಿ ಅರ್ಥವಾಗುತ್ತದೆ. ಆದರೆ ಬಸುರಿನ ಮೊದಲ ತಿಂಗಳುಗಳ ವಾಕರಿಕೆಗೆ ಶುಂಠಿಯನ್ನು ಹೆರಿಗೆ ತಜ್ಞರೇ ಹೇಳುತ್ತಾರೆ, ಅಮೆರಿಕದ ಪ್ರಸೂತಿ ತಜ್ಞರ ಕಾಲೇಜಿನ ಸಲಹೆಯಲ್ಲೂ ಅದು ಇದೆ. ಪ್ರಯೋಗಗಳಲ್ಲಿ ಕೊಟ್ಟಿದ್ದು ಹೆಚ್ಚಾಗಿ ದಿನಕ್ಕೆ 1 ಗ್ರಾಂ ಒಣ ಶುಂಠಿ, ಮೂರು ನಾಲ್ಕು ಪಾಲು ಮಾಡಿ. ಅಡುಗೆಮನೆಯ ಲೆಕ್ಕದಲ್ಲಿ ಹೆಬ್ಬೆರಳ ಗೆಣ್ಣಿನಷ್ಟು ಹಸಿ ಶುಂಠಿಯ ಕಷಾಯವನ್ನು ಇಡೀ ದಿನ ಗುಟುಕು ಗುಟುಕಾಗಿ ಕುಡಿಯಿರಿ. ಇದರಿಂದ ವಾಕರಿಕೆ ಕಡಿಮೆಯಾಗುತ್ತದೆ, ವಾಂತಿ ಪೂರ್ತಿ ನಿಲ್ಲುತ್ತದೆ ಅಂತ ನಂಬಿ ಕೂರಬೇಡಿ. ನೀರೂ ನಿಲ್ಲದಷ್ಟು ವಾಂತಿ ಆದರೆ, ಮೂತ್ರ ಕಮ್ಮಿಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತಸ್ರಾವ ಆಗಿರುವವರು, ಹೆರಿಗೆ ಹತ್ತಿರ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಟೀ ಪುಡಿ ಹಾಕಿದ ಶುಂಠಿ ಟೀಯನ್ನು ಕಬ್ಬಿಣದ ಮಾತ್ರೆ ಜೊತೆ ಕುಡಿಯಬೇಡಿ. ಟೀಯ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತಲು ಬಿಡುವುದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ತಂದು ಕೊಡುವ 180 ಮಾತ್ರೆಗಳನ್ನು ನಿಷ್ಠೆಯಿಂದ ನುಂಗಿ, ಜೊತೆಗೇ ಒಂದು ಲೋಟ ಟೀ ಕುಡಿದು ಅದರ ಉಪಯೋಗ ಕಳೆಯುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಊಟಕ್ಕೂ ಮಾತ್ರೆಗೂ ಟೀಗೂ ಕನಿಷ್ಠ ಒಂದೆರಡು ಗಂಟೆ ಅಂತರ ಇರಲಿ. ಇಲ್ಲಿ ತೊಂದರೆ ಶುಂಠಿಯದ್ದಲ್ಲ, ಟೀ ಪುಡಿಯದ್ದು.

ಮಗುಗೆ ಶೀತ ಆಗಿದೆ. ಎಂಟು ತಿಂಗಳು. ಶುಂಠಿ ರಸ ಜೇನುತುಪ್ಪ ನೆಕ್ಕಿಸಬಹುದಾ?

ಬೇಡ. ಒಂದು ವರ್ಷ ತುಂಬುವ ತನಕ ಜೇನುತುಪ್ಪ ಒಂದು ಹನಿಯೂ ಬೇಡ. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಾಣು ಎಳೆಯ ಕರುಳಲ್ಲಿ ಬೆಳೆದು ಬಾಟುಲಿಸಂ ಎಂಬ ಗಂಭೀರ ಕಾಯಿಲೆ ತರುತ್ತದೆ. ಕುದಿಸಿದರೂ ಅದು ಸಾಯುವುದಿಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು, ಕಲ್ಲಿನ ಮೇಲೆ ತೇದ ಬಜೆ, ಶುಂಠಿ, ಜಾಯಿಕಾಯಿ ಕೂಡ. ಅಜ್ಜಿಯರ ಮನಸ್ಸು ನೋಯುತ್ತದೆ, ನನಗೆ ಗೊತ್ತು. ಮೆಲ್ಲಗೆ ಹೇಳಿ, ಆದರೆ ಹೇಳಿ. ಎರಡು ಮೂರು ವರ್ಷದ ಮಕ್ಕಳಿಗೆ ತಿಳಿಯಾದ ಕಷಾಯ ಒಂದೆರಡು ಚಮಚ ಸಾಕು, ಉಗುರುಬೆಚ್ಚಗೆ ಆರಿಸಿ.

ನಂಗೆ ಆಸಿಡಿಟಿ ಇದೆ. ಶುಂಠಿ ಕುಡಿದ್ರೆ ಕಮ್ಮಿ ಆಗುತ್ತಾ ಜಾಸ್ತಿ ಆಗುತ್ತಾ?

ಎರಡೂ ಆಗಬಹುದು, ಅದಕ್ಕೇ ಜನ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆಹಾರ ಇಳಿಯದೆ ಭಾರವಾಗಿದ್ದರೆ ಶುಂಠಿ ಸಹಾಯ ಮಾಡುತ್ತದೆ. ಹೊಟ್ಟೆಯ ಒಳಪದರ ಮೊದಲೇ ಕೆಂಪಾಗಿದ್ದರೆ, ಹುಳಿತೇಗು ಗಂಟಲಿಗೆ ಬರುತ್ತಿದ್ದರೆ, ಶುಂಠಿಯ ಖಾರ ಉರಿ ಹೆಚ್ಚಿಸುತ್ತದೆ. ಖಾಲಿ ಹೊಟ್ಟೆಗೆ ಕುಡಿದರಂತೂ ಇನ್ನೂ ಜಾಸ್ತಿ. ತಿಂಡಿ ಆದ ಮೇಲೆ ತಿಳಿಯಾಗಿ ಮಾಡಿ ಎರಡು ದಿನ ಕುಡಿದು ನೋಡಿ, ಉರಿ ಬಂದರೆ ನಿಮ್ಮ ಹೊಟ್ಟೆಗೆ ಅದು ಆಗುವುದಿಲ್ಲ ಅಂತ ಬಿಟ್ಟುಬಿಡಿ. ಪಿತ್ತಕೋಶದಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳದೆ ದಿನಾ ಕುಡಿಯಬೇಡಿ.

ಅಪ್ಪ ರಕ್ತ ತೆಳು ಮಾಡುವ ಮಾತ್ರೆ ತಗೋತಾರೆ. ಶುಂಠಿ ಕಷಾಯ ಕೊಡಬಹುದಾ?

ಈ ಪ್ರಶ್ನೆ ನನ್ನ ಮನೆಯದ್ದೂ ಹೌದು. ನಮ್ಮ ಅಪ್ಪನಿಗೆ ಹೃದಯದ ಕವಾಟ ಬದಲಾಯಿಸಿದ್ದಾರೆ, ಅವರು ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೋತಾರೆ. ತಿಂಗಳಿಗೊಮ್ಮೆ ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಳತೆ. ಅಂಕಿ ಏರಿದಷ್ಟೂ ರಕ್ತಸ್ರಾವದ ಭಯ ಹೆಚ್ಚು. ಫಲಿತಾಂಶವನ್ನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಅಪ್ಪನೇ ಬರೆದಿಡುತ್ತಾರೆ. ವರ್ಷವಿಡೀ ಎರಡೂವರೆ ಆಸುಪಾಸು ಇದ್ದ ಅಂಕಿ ಒಂದು ಆಗಸ್ಟಿನಲ್ಲಿ ನಾಲ್ಕು ದಾಟಿತ್ತು. ಡಾಕ್ಟರ್ ಮೊದಲು ಕೇಳಿದ್ದು, ಊಟದಲ್ಲಿ, ಔಷಧಿಯಲ್ಲಿ ಏನು ಬದಲಾಗಿದೆ ಅಂತ. ಕೆಮ್ಮಿಗೆಂದು ಅಮ್ಮ ಮೂರು ವಾರದಿಂದ ದಿನಕ್ಕೆ ಮೂರು ಸಲ ಗಟ್ಟಿ ಕಷಾಯ ಕೊಡುತ್ತಿದ್ದರು, ಮಧ್ಯೆ ಒಂದು ಕೋರ್ಸ್ ಆಂಟಿಬಯೋಟಿಕ್ಕೂ ಆಗಿತ್ತು. ಯಾವುದರಿಂದ ಏರಿತು ಅಂತ ಡಾಕ್ಟರ್ ಖಚಿತವಾಗಿ ಹೇಳಲಿಲ್ಲ. ಕಷಾಯ ನಿಲ್ಲಿಸಿದರು, ಮಾತ್ರೆ ಎರಡು ದಿನ ತಡೆದರು, ಅಂಕಿ ಇಳಿಯಿತು.

ಶುಂಠಿ ಜಾಸ್ತಿ ಪ್ರಮಾಣದಲ್ಲಿ ರಕ್ತದ ಕಣಗಳು ಅಂಟಿಕೊಳ್ಳುವುದನ್ನು ಕಡಿಮೆ ಮಾಡಬಹುದು. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ಜೊತೆ ಐಎನ್‌ಆರ್ ಏರಿದ ಉದಾಹರಣೆಗಳು ವರದಿಯಾಗಿವೆ, ಏನೂ ಆಗಲಿಲ್ಲ ಎಂದ ಪ್ರಯೋಗವೂ ಇದೆ. ಹಾಗಾಗಿ ಸಾರಿನಲ್ಲಿ, ಪಲ್ಯದಲ್ಲಿ ಬೀಳುವ ಶುಂಠಿಗೆ ಹೆದರಬೇಡಿ. ವಾರ್ಫರಿನ್, ಆಸಿಟ್ರಾಮ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ತಗೊಳ್ಳುವವರು ಗಟ್ಟಿ ಕಷಾಯ, ಶುಂಠಿ ಕ್ಯಾಪ್ಸೂಲ್ ಮಾತ್ರ ಕೇಳದೆ ಶುರು ಮಾಡಬೇಡಿ. ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸುವುದಂತೂ ಬೇಡವೇ ಬೇಡ. ವಸಡಲ್ಲಿ ರಕ್ತ, ಕಾರಣವಿಲ್ಲದೆ ಚರ್ಮ ನೀಲಿಗಟ್ಟುವುದು ಕಂಡರೆ ತಕ್ಷಣ ತೋರಿಸಿ.

ಶುಗರ್ ಇರೋರು?

ಸಕ್ಕರೆ, ಬೆಲ್ಲ ಇಲ್ಲದ ಕಷಾಯ ಕುಡಿಯಬಹುದು. ಶುಂಠಿ ಸಕ್ಕರೆ ಮಟ್ಟವನ್ನು ಸ್ವಲ್ಪ ಇಳಿಸಬಹುದು, ಮಾತ್ರೆ ಬಿಡುವಷ್ಟು ಅಲ್ಲ. ಇನ್ಸುಲಿನ್ ತಗೊಳ್ಳುವವರು ಪುಡಿ, ಕ್ಯಾಪ್ಸೂಲ್ ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಿ.

ಬಿಪಿ ಇದೆ. ಕಷಾಯಕ್ಕೆ ಜ್ಯೇಷ್ಠಮಧು ಹಾಕ್ತೀವಿ, ಪರವಾಗಿಲ್ವಾ?

ಶುಂಠಿ ಪರವಾಗಿಲ್ಲ, ಜ್ಯೇಷ್ಠಮಧು ಬೇಡ. ಅತಿಮಧುರ ಅಂತಲೂ ಕರೆಯುತ್ತಾರೆ. ಅದರಲ್ಲಿರುವ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಒಂದು ದಿನ ಕುಡಿದರೆ ಏನೂ ಗೊತ್ತಾಗುವುದಿಲ್ಲ, ವಾರಗಟ್ಟಲೆ ಕುಡಿದಾಗ ಕಾಲು ಊತ, ಸುಸ್ತು ಶುರುವಾಗುತ್ತದೆ. ಅಂಗಡಿಯ ರೆಡಿ ಕಷಾಯ ಪುಡಿಯಲ್ಲೂ ಅದು ಇರಬಹುದು. ಡಬ್ಬಿ ತಿರುಗಿಸಿ ಓದಿ.

ಮುಂದಿನ ವಾರ ಆಪರೇಷನ್ ಇದೆ. ನಿಲ್ಲಿಸಬೇಕಾ?

ಕ್ಯಾಪ್ಸೂಲ್, ಗಟ್ಟಿ ಕಷಾಯ ಕುಡಿಯುತ್ತಿದ್ದರೆ ಇವತ್ತೇ ನಿಲ್ಲಿಸಿ, ಅರಿವಳಿಕೆ ಡಾಕ್ಟರಿಗೂ ಹೇಳಿ. ಅವರು ಔಷಧಿ ಪಟ್ಟಿ ಕೇಳಿದಾಗ ಮನೆಮದ್ದು ಔಷಧಿಯಲ್ಲ ಅಂದುಕೊಂಡು ನಾವು ಬಿಟ್ಟುಬಿಡುತ್ತೇವೆ. ಸೇರಿಸಿಯೇ ಹೇಳಿ.

ಎದೆಯಲ್ಲಿ ಉರಿ, ಗ್ಯಾಸ್ ಅನ್ಸುತ್ತೆ. ಶುಂಠಿ ಕಷಾಯ ಕುಡಿದು ನೋಡ್ಲಾ?

ನಿಲ್ಲಿ, ಮೊದಲು ಇದನ್ನು ಓದಿ. ನಮ್ಮ ದೊಡ್ಡಪ್ಪ ಒಂದು ರಾತ್ರಿ ಊಟ ಆದ ಮೇಲೆ ಎದೆ ಹಿಡಿದ ಹಾಗಾಗುತ್ತಿದೆ, ಗ್ಯಾಸ್ ಇರಬೇಕು ಅಂದರು. ದೊಡ್ಡಮ್ಮ ಶುಂಠಿ ಜಜ್ಜಿ ಕಷಾಯ ಮಾಡಿಕೊಟ್ಟರು. ಒಂದು ತೇಗು ಬಂತು, ಹಗುರ ಆಯ್ತು ಅಂತ ಮಲಗಿದರು. ಬೆಳಗಿನ ಜಾವ ನಾಲ್ಕಕ್ಕೆ ಬೆವರಲ್ಲಿ ತೊಯ್ದು ಹೋಗಿದ್ದರು. ಅದು ಹೃದಯಾಘಾತ. ಬದುಕಿ ಬಂದರು, ಆದರೆ ತಡವಾದ ಆ ಗಂಟೆಗಳಲ್ಲಿ ಹೃದಯದ ಸ್ನಾಯು ಸತ್ತಿದ್ದು ಸತ್ತಂತೆಯೇ. ಈಗ ಒಂದು ಮಹಡಿ ಹತ್ತಲೂ ಅವರು ನಡುವೆ ನಿಲ್ಲಬೇಕು. ಕಷಾಯ ಅವರಿಗೆ ಏನೂ ಕೆಡುಕು ಮಾಡಲಿಲ್ಲ. ಕೆಡುಕಾಗಿದ್ದು ಕಾದಿದ್ದರಿಂದ.

ಎದೆ ಬಿಗಿತ ಎಡಗೈಗೆ, ದವಡೆಗೆ, ಬೆನ್ನಿಗೆ ಹರಿದರೆ, ತಣ್ಣನೆ ಬೆವರು ಬಂದರೆ, ಉಸಿರು ಸಾಲದಂತಾದರೆ ಒಲೆ ಹಚ್ಚಲು ಹೋಗಬೇಡಿ. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ವಾಕರಿಕೆ, ಸುಸ್ತು ಇರಬಹುದು. ಇಸಿಜಿ ತೆಗೆಯಲು ಹತ್ತು ನಿಮಿಷ ಸಾಕು. ತಾಲ್ಲೂಕು ಆಸ್ಪತ್ರೆಯಲ್ಲೂ ತೆಗೆಯುತ್ತಾರೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವ ಕಡೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನೂ ಉಚಿತ. 108ಕ್ಕೆ ಫೋನ್ ಮಾಡಿ, ಇಲ್ಲವೇ ಪಕ್ಕದ ಮನೆಯವರನ್ನು ಎಬ್ಬಿಸಿ ಗಾಡಿ ತೆಗೆಸಿ. ಗ್ಯಾಸ್ ಅಂತಲೇ ಗೊತ್ತಾದರೆ ವಾಪಸ್ ಬಂದ ಮೇಲೆ ಕಷಾಯ ಕುಡಿಯಿರಿ.